ಮುಳುಗಡೆಯಾಗದವರ ಪುನರ್ವಸತಿ

ಚುನಾವಣೆಯಲ್ಲಿ ಸೋತ ನಾಯಕರೊಬ್ಬರು ವಿಧಾನ ಪರಿಷತ್ತಿಗೆ ಹೊರಟರೆಂದು ಸುದ್ದಿ ಬಂದರೆ ನಮ್ಮ ಪತ್ರಿಕೆಗಳ ಕೈ ತಾನಾಗಿ ಒಂದು ಪದದ ಮೇಲೆ ಹೋಗುತ್ತದೆ: ಪುನರ್ವಸತಿ. 'ರಾಜಕೀಯ ಪುನರ್ವಸತಿ' ಎಂದು ವಿಶೇಷಣ ಸೇರಿಸುವ ಸೌಜನ್ಯ ಅಚ್ಚಿನಲ್ಲಿ ಇನ್ನೂ ಉಳಿದಿದೆ. ಬಾಯಿಮಾತಿನಲ್ಲಿ ಅದೂ ಬೇಕಿಲ್ಲ. 'ಅವ್ರಿಗೊಂದು ಪುನರ್ವಸತಿ ಆಯ್ತಲ್ಲ ಬಿಡ್ರಿ' ಅಂದರೆ ಸಾಕು, ಯಾವ ಮನೆ, ಎಷ್ಟು ವರ್ಷಕ್ಕೆ ಎಂಬುದೆಲ್ಲ ಕೇಳಿದವರಿಗೆ ಗೊತ್ತು. ಮೇಲ್ಮನೆ, ಆರು ವರ್ಷ.

'ವಸತಿ' ಹಳೆಯ ಪದ. ಶ್ರವಣಬೆಳಗೊಳದಲ್ಲಿ, ಮೂಡುಬಿದಿರೆಯಲ್ಲಿ ನಾವು ನೋಡುವ ಬಸದಿಗಳು ಈ ವಸತಿಯ ತದ್ಭವಗಳೇ. ಅದರ ತಲೆಗೆ 'ಪುನರ್' ಬಂದು ಕೂತದ್ದು ಮಾತ್ರ ಆಡಳಿತದ ಕಾಗದಪತ್ರಗಳ ಕಾಲದಲ್ಲಿ. ದೇಶವಿಭಜನೆಯಲ್ಲಿ ಮನೆ ಬಿಟ್ಟು ಓಡಿಬಂದವರಿಗಾಗಿ ದೆಹಲಿಯಲ್ಲಿ ಒಂದು ಸಚಿವಾಲಯವೇ ಈ ಹೆಸರಿನಲ್ಲಿತ್ತು. ಬೈಲುಕುಪ್ಪೆಯಲ್ಲಿ ಟಿಬೆಟನ್ನರು ಕಾಡು ಕಡಿದು ಜೋಳ ಬಿತ್ತಿದ್ದು ಇದೇ ಪದದ ನೆರಳಲ್ಲಿ. ಸಿಂಧನೂರಿನ ಕಡೆ ಹೋದರೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಊರುಗಳಿಗೆ ಇವತ್ತಿಗೂ 'ಆರ್.ಎಚ್. ಕ್ಯಾಂಪ್' ಎಂದೇ ಹೆಸರು. ಒಂದು, ಎರಡು, ಮೂರು, ನಾಲ್ಕು ಎಂದು ಸಂಖ್ಯೆ ಬೇರೆ. ರಿಹ್ಯಾಬಿಲಿಟೇಶನ್ನಿನ ಮೊದಲೆರಡು ಅಕ್ಷರಗಳು ಎಂಬುದು ಅಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಗೊತ್ತಿದೆಯೋ ಇಲ್ಲವೋ. ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿದ್ದು 2024ರಲ್ಲಿ.

ಆದರೆ ಈ ಪದ ಕನ್ನಡಿಗರ ಎದೆಗೆ ತಾಗಿದ್ದು ಅಣೆಕಟ್ಟುಗಳಿಂದ. ಲಿಂಗನಮಕ್ಕಿಯ ಕಟ್ಟೆ ಮುಗಿದದ್ದು 1964ರಲ್ಲಿ. ಶರಾವತಿಯ ಸೀಮೆಯಲ್ಲಿ ಆ ಕಾಲಕ್ಕೆ ಇರುವ ಹೆಸರು 'ಮುಳುಗಡೆ'. ಅಡಿಕೆ ತೋಟ, ದೇವರ ಬನ, ಗದ್ದೆ ಎಲ್ಲ ನೀರಿಗೆ ಬಿಟ್ಟು ಲಾರಿ ಹತ್ತಿದವರನ್ನು ಶಿವಮೊಗ್ಗದ ಸುತ್ತಲ ಕಾಡುಭೂಮಿಯಲ್ಲಿ ಇಳಿಸಿದರು. ಆ ಭೂಮಿ ಕಾಗದದಲ್ಲಿ ಅರಣ್ಯವಾಗಿಯೇ ಉಳಿದುದರಿಂದ ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕೆ ಅಲೆಯುವ ಕುಟುಂಬಗಳಿವೆ. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಎದುರಿಗೆ ಸೆಕ್ಟರ್ ಲೆಕ್ಕದಲ್ಲಿ ನವನಗರ ಎದ್ದಿತು. ಮುಳುಗಿದ ಹಳ್ಳಿಗಳ ಜನರಿಗೆ ಕೊಟ್ಟ ಜಾಗಗಳ ಫಲಕದ ಮೇಲೆ ಹಳ್ಳಿಯ ಹೆಸರು, ಅದರ ಪಕ್ಕದಲ್ಲಿ 'ಪುನರ್ವಸತಿ ಕೇಂದ್ರ'.

ವಿಧಾನ ಪರಿಷತ್ತನ್ನು ಬೈಯುವಾಗಲೂ ನಾವು ಬಳಸುವುದು ಇವೇ ಎರಡು ಪದ, ಅಕ್ಷರವೂ ಆಚೀಚೆ ಇಲ್ಲ: ಪುನರ್ವಸತಿ ಕೇಂದ್ರ.

ನಗೆಯಾಡುವಾಗ ನಾವು ಗಮನಿಸದ ಒಂದು ಮಾತು ಇದರೊಳಗೆ ಅಡಗಿದೆ. ಪುನರ್ವಸತಿ ಸಲ್ಲುವುದು ತನ್ನ ತಪ್ಪಿಲ್ಲದೆ ನೆಲೆ ಕಳೆದುಕೊಂಡವನಿಗೆ. ನದಿ ಉಕ್ಕಿತು, ಸರ್ಕಾರ ಕಟ್ಟೆ ಕಟ್ಟಿತು, ಗಡಿ ಅತ್ತಿತ್ತ ಸರಿಯಿತು, ಅವನೇನು ಮಾಡಿಯಾನು? ಚುನಾವಣೆಯಲ್ಲಿ ಸೋತವರಿಗೆ ಈ ಪದ ತೊಡಿಸಿದರೆ ಮತದಾರನೇ ಪ್ರವಾಹವಾಗುತ್ತಾನೆ. ಅವನು ಯೋಚಿಸಿ, ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೇಳಿದ 'ಬೇಡ' ಒಂದು ನೈಸರ್ಗಿಕ ವಿಕೋಪವಾಗುತ್ತದೆ. ಅದರ ಹಾನಿಗೆ ಪರಿಹಾರ ಕೊಡಬೇಕಾದ್ದು ಪಕ್ಷದ ಕರ್ತವ್ಯ. ಇದರ ಜೊತೆಗೇ ಹುಟ್ಟಿದ ಇನ್ನೊಂದು ಪ್ರಯೋಗ 'ಟಿಕೆಟ್ ವಂಚಿತರು'. ಸ್ಪರ್ಧಿಸಲು ಅವಕಾಶ ಸಿಗದವರು ವಂಚಿತರು, ಸಿಕ್ಕಿಯೂ ಸೋತವರು ನಿರಾಶ್ರಿತರು. ಅಂದಹಾಗೆ ಇಂಗ್ಲಿಷಿನ ಮೂಲಪದದ ಲ್ಯಾಟಿನ್ ಬೇರಿನಲ್ಲಿ ಮನೆಮಠದ ಸುಳಿವೇ ಇಲ್ಲ. ಕಳೆದುಹೋದ ಸ್ಥಾನಮಾನ ಮರಳಿಸುವುದು ಎಂದು ಅದರ ಅರ್ಥ. ನಮ್ಮ ರಾಜಕಾರಣಿಗಳು ಕನ್ನಡ ಪದವನ್ನು ಲ್ಯಾಟಿನ್ ಅರ್ಥದಲ್ಲಿ ಬಾಳುತ್ತಿದ್ದಾರೆ.

2019ರ ಡಿಸೆಂಬರಿನ ಉಪಚುನಾವಣೆ ನೆನಪಿಸಿಕೊಳ್ಳಿ. ಅನರ್ಹಗೊಂಡಿದ್ದ ಶಾಸಕರಲ್ಲಿ ಎ.ಎಚ್. ವಿಶ್ವನಾಥ್ ಹುಣಸೂರಿನಲ್ಲಿ, ಎಂ.ಟಿ.ಬಿ. ನಾಗರಾಜ್ ಹೊಸಕೋಟೆಯಲ್ಲಿ ಸೋತರು. ಮುಂದಿನ ಜೂನ್‌ನಲ್ಲಿ ನಾಗರಾಜ್ ಅವರನ್ನು ವಿಧಾನಸಭೆಯ ಸದಸ್ಯರು ಪರಿಷತ್ತಿಗೆ 'ಚುನಾಯಿಸಿದರು'. ಖಾಲಿ ಸ್ಥಾನ ಏಳು, ಕಣದಲ್ಲಿದ್ದವರೂ ಏಳು, ಒಂದು ಮತವೂ ಬೀಳಲಿಲ್ಲ. ವಿಶ್ವನಾಥ್ ಅವರು ಜುಲೈಯಲ್ಲಿ ಸಾಹಿತ್ಯ ಕ್ಷೇತ್ರದಿಂದ ನಾಮಕರಣಗೊಂಡರು. 'ಹಳ್ಳಿ ಹಕ್ಕಿಯ ಹಾಡು' ಬರೆದವರು, ಆ ಮಟ್ಟಿಗೆ ಅನ್ಯಾಯವೇನಲ್ಲ. ನವೆಂಬರ್ 30ರಂದು ಹೈಕೋರ್ಟ್ ಹೇಳಿತು: ಅನರ್ಹಗೊಂಡವರು ಮಂತ್ರಿಯಾಗಬೇಕಾದರೆ ಮತ್ತೆ ಚುನಾಯಿತರಾಗಬೇಕು, ನಾಮಕರಣವಾದರೆ ಸಾಲದು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2021ರ ಜನವರಿಯಲ್ಲಿ ನಾಗರಾಜ್ ಮಂತ್ರಿಯಾದರು, ವಿಶ್ವನಾಥ್ ಆಗಲಿಲ್ಲ. ಕಾನೂನಿನ ಕಣ್ಣಿಗೆ ಇದು ಸರಿಯಾದ ವ್ಯತ್ಯಾಸ. ಹೊಸಕೋಟೆಯ ಮತದಾರನಿಗೆ ಈ ವ್ಯತ್ಯಾಸವನ್ನು ವಿವರಿಸುವ ಕೆಲಸ ಮಾತ್ರ ನನಗೆ ಬೇಡ.

ಜಗದೀಶ ಶೆಟ್ಟರ್ ಅವರದು ಇನ್ನೂ ವೇಗದ ಕಥೆ. 2023ರಲ್ಲಿ ಟಿಕೆಟ್ ಸಿಗದೆ ಕಾಂಗ್ರೆಸ್ ಸೇರಿದರು, ಹುಬ್ಬಳ್ಳಿಯಲ್ಲಿ ಸೋತರು, ಜೂನ್‌ನಲ್ಲಿ ಅವಿರೋಧವಾಗಿ ಪರಿಷತ್ತು ಸೇರಿದರು, 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ತಮ್ಮ ಹಳೆ ಪಕ್ಷಕ್ಕೆ ಮರಳಿದರು. ಶರಾವತಿಯವರ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಅಷ್ಟು ಕಾಲ ಬೇಕು.

ಇಷ್ಟು ಹೇಳಿದ ಮೇಲೆ ಸದನದ ಪರವಾಗಿಯೂ ಮಾತಾಡಬೇಕು. ಇದಕ್ಕೆ 'ಚಿಂತಕರ ಚಾವಡಿ' ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು, ಡಿ.ವಿ. ಗುಂಡಪ್ಪನವರು ಅದರ ಸದಸ್ಯರಾಗಿದ್ದರು. ನಮ್ಮ ಕಾಲದಲ್ಲಿ ದಲಿತ ಕವಿ ಸಿದ್ಧಲಿಂಗಯ್ಯ ಎರಡು ಅವಧಿ ಅಲ್ಲಿ ಕೂತರು, ಚಂದ್ರಶೇಖರ ಕಂಬಾರರು ಒಂದು ಅವಧಿ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರನ್ನು ಶಿಕ್ಷಕರು 1980ರಿಂದ ಎಂಟು ಸಲ ಗೆಲ್ಲಿಸಿ ಕಳಿಸಿದ್ದಾರೆ. ಪಕ್ಷ ಬದಲಾದರೂ ಮತ ಬದಲಾಗಲಿಲ್ಲ. ಇವರಲ್ಲಿ ಯಾರಿಗೂ 'ಪುನರ್ವಸತಿ' ಎಂಬ ಮಾತು ಹೊಂದುವುದಿಲ್ಲ. ಒಟ್ಟು 75 ಸ್ಥಾನಗಳಲ್ಲಿ ಶಿಕ್ಷಕರಿಗೆ 7, ಪದವೀಧರರಿಗೆ 7, ನಾಮಕರಣಕ್ಕೆ 11. ಉಳಿದ ಐವತ್ತನ್ನು ಶಾಸಕರೂ ಸ್ಥಳೀಯ ಸಂಸ್ಥೆಗಳವರೂ ಸಮನಾಗಿ ಆರಿಸುತ್ತಾರೆ. ಪದದ ಮೂಲ ಹುಡುಕುವವರು ಈ ಐವತ್ತರಲ್ಲಿ, ಅದರಲ್ಲೂ ಶಾಸಕರ ಇಪ್ಪತ್ತೈದರಲ್ಲಿ, ಹುಡುಕುವುದು ಒಳ್ಳೆಯದು.

ಹಾಗಾದರೆ ಮನೆಯನ್ನೇ ಕೆಡವಿಬಿಡಿ ಅನ್ನುವವರಿದ್ದಾರೆ. ಕೆಡವಿದ ಚರಿತ್ರೆ ನೋಡಿದರೆ ನನಗೆ ಆ ಉತ್ಸಾಹ ಬರುವುದಿಲ್ಲ. ತಮಿಳುನಾಡಿನ ಪರಿಷತ್ತು 1986ರಲ್ಲಿ ಹೋದದ್ದು ಎಂ.ಜಿ.ಆರ್. ಆರಿಸಿದ ನಟಿಯೊಬ್ಬರ ನಾಮಕರಣ ರಗಳೆಯಾದ ಬೆನ್ನಿಗೆ. ಆಂಧ್ರದ್ದನ್ನು ಎನ್.ಟಿ.ಆರ್. 1985ರಲ್ಲಿ ಮುಗಿಸಿದರು, 2007ರಲ್ಲಿ ಅದು ಮತ್ತೆ ಬಂತು. 2020ರ ಜನವರಿಯಲ್ಲಿ ಮೂರು ರಾಜಧಾನಿಗಳ ಮಸೂದೆಯನ್ನು ಅಲ್ಲಿನ ಮೇಲ್ಮನೆ ಆಯ್ಕೆ ಸಮಿತಿಗೆ ಕಳಿಸಿತು. ವಾರ ತುಂಬುವುದರೊಳಗೆ ಮೇಲ್ಮನೆಯೇ ಬೇಡವೆಂದು ವಿಧಾನಸಭೆ ನಿರ್ಣಯ ಮಾಡಿತು. ಮರುವರ್ಷ ಮೇಲ್ಮನೆಯ ಬಹುಮತ ಆಳುವ ಪಕ್ಷದ ಕಡೆ ತಿರುಗಿದಾಗ ನಿರ್ಣಯ ವಾಪಸ್ಸಾಯಿತು. ಸದನ ತನ್ನ ಕೆಲಸ ಮಾಡಿದ ದಿನವೇ ಆಳುವವರಿಗೆ ಅದು ದಂಡ ಅನ್ನಿಸಿತು.

ಕೆಡವದೆ ತಿದ್ದುವ ದಾರಿ ಸಂವಿಧಾನದಲ್ಲೇ ಇದೆ. 171ನೇ ವಿಧಿಯ ಎರಡನೆಯ ಖಂಡ ಹೇಳುವುದು, ಸಂಸತ್ತು ಕಾನೂನು ಮಾಡಿ ಬೇರೆ ವ್ಯವಸ್ಥೆ ಮಾಡುವವರೆಗೆ ಪರಿಷತ್ತಿನ ರಚನೆ ಹೀಗಿರತಕ್ಕದ್ದು ಎಂದು. 1950ರಿಂದ ಆ 'ವರೆಗೆ' ಹಾಗೆಯೇ ಉಳಿದಿದೆ. ವಿಧಾನಸಭೆಗೆ ನಿಂತು ಸೋತವರಿಗೆ ಆ ಸಭೆಯ ಅವಧಿ ಮುಗಿಯುವತನಕ ಶಾಸಕರ ಕೋಟಾದ ಬಾಗಿಲು ಮುಚ್ಚಿರಲಿ ಎಂದು ಒಂದು ಸಾಲು ಬರೆದರೆ ಮುಕ್ಕಾಲು ಪಾಲು ನಗೆಚಾಟಿಕೆ ನಿಲ್ಲುತ್ತದೆ ಎಂದು ನನ್ನ ಅಂದಾಜು. ಒಳ್ಳೆಯ ಒಬ್ಬಿಬ್ಬರು ಹೊರಗೆ ಉಳಿದಾರು. ಐದು ವರ್ಷ ಕಾಯಲಿ.

ಆ ಸಾಲು ಲೋಕಸಭೆ ದಾಟಿ ರಾಜ್ಯಸಭೆಗೆ ಹೋಗಬೇಕು. 2019ರಲ್ಲಿ ತುಮಕೂರಿನಲ್ಲಿ ಸೋತ ಎಚ್.ಡಿ. ದೇವೇಗೌಡರೂ ಕಲಬುರಗಿಯಲ್ಲಿ ಸೋತ ಮಲ್ಲಿಕಾರ್ಜುನ ಖರ್ಗೆಯವರೂ ಮರುವರ್ಷ ಅವಿರೋಧವಾಗಿ ಆಯ್ಕೆಯಾಗಿ ಹೋದದ್ದು ಅದೇ ರಾಜ್ಯಸಭೆಗೆ.