ಹರಿವ ನೀರಿನ ಗಾಳ, ನಿಂತ ನೀರಿನ ಬಲೆ

ಸ್ಕಾಟ್ಲೆಂಡಿನ ನದಿಗಳಲ್ಲಿ ವಸಂತ ಬಂತೆಂದರೆ ಸಾಲ್ಮನ್ ಮೀನು ಕಡಲಿನಿಂದ ಮೇಲೇರುತ್ತದೆ. ಅಳಿವೆಯ ಗಾಳಗಾರರು ಉಬ್ಬರ-ಇಳಿತದ ಹೊತ್ತು ನೋಡಿ ಕೋಲು ಹಿಡಿಯುತ್ತಾರೆ. ಆಲಮಟ್ಟಿಯ ಕೃಷ್ಣೆಗೆ ಕಡಲು ಬಲು ದೂರ. ಇಲ್ಲಿ ಮೀನು ಏರುವುದು ಮುಂಗಾರಿನ ಹೊಸನೀರಿಗೆ. ಸಹ್ಯಾದ್ರಿಯಲ್ಲಿ ಮಳೆ ಹಿಡಿದು ಹೊಳೆ ರಾಡಿಯಾದರೆ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡಲು ಸೆಳವಿನ ಎದುರು ಈಜುತ್ತವೆ.

ಗಾಳದ ವಿದ್ಯೆಯ ಹಳೆಯ ಬರಹವೊಂದು ಹುಟ್ಟಿದ್ದು ಈ ನಾಡಿನಲ್ಲೇ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ಕ್ಕೆಂದೇ ಒಂದು ಅಧ್ಯಾಯವಿದೆ. ಕಡಲಿನ ಮೀನು ಯಾವುದು, ಹೊಳೆಯದು ಯಾವುದು, ಯಾವುದಕ್ಕೆ ಎಂಥ ತಿನಿಸು ಹಾಕಿ ಪಳಗಿಸಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಅರಸ ಅಲ್ಲಿ ವಿವರಿಸಿದ್ದಾನೆ. ಇಂಗ್ಲಿಷಿನಲ್ಲಿ ಗಾಳದ ಕುರಿತ ಮೊದಲ ಮುದ್ರಿತ ಕೃತಿ ಬಂದದ್ದು 1496ರಲ್ಲಿ. ಅಂದರೆ ನಮ್ಮ ಅರಸ ಮೂರೂವರೆ ಶತಮಾನ ಮುಂದಿದ್ದ. ಪ್ರಾಣಿವಿಜ್ಞಾನಿ ಸುಂದರಲಾಲ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದರು. ನಮ್ಮ ಮೀನುಗಾರಿಕೆಯ ಮಾತುಕತೆಯಲ್ಲಿ ಸೋಮೇಶ್ವರನ ಹೆಸರು ಇನ್ನೂ ಅಪರೂಪವೇ.

ಬ್ರಿಟಿಷ್ ಅಧಿಕಾರಿಗಳು ಕೋಲು, ರಾಟೆ, ಹೊಳೆಯುವ ಹುಸಿಮೀನುಗಳನ್ನು ತಂದರು. ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಈ ಅಧಿಕಾರಿಗಳ ಕಣ್ಣೆಲ್ಲ ಮಹಸೀರ್ ಮೀನಿನ ಮೇಲೆ; ಅದನ್ನು ಅವರು ಸಾಲ್ಮನ್‌ಗೆ ಹೋಲಿಸಿ ನೋಡುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದದ್ದು ದಾಖಲೆಯಾಗಿ ಉಳಿಯಿತು. ಆದರೆ ಕಾವೇರಿ ಕಡೆ ಹೆಸರಾದ ಎರೆ ಯಾವುದೆಂದರೆ ರಾಗಿ ಹಿಟ್ಟಿನ ಉಂಡೆ!

ಕೃಷ್ಣಾ ತೀರದಲ್ಲಿ ಇಂಥ ಬೇಟೆಯ ವೈಭವವಿರಲಿಲ್ಲ. ಅಂಬಿಗರ ಹರಗೋಲು, ಬೀಸುಬಲೆ, ಬಿದಿರಿನ ಕೋಲು, ದಂಟಿನ ಬೆಂಡು, ಎರೆಹುಳು: ಸಲಕರಣೆ ಇಷ್ಟೇ. ಬೇಸಿಗೆಯಲ್ಲಿ ಹೊಳೆ ಸೊರಗಿ ಮಡುಗಳಾಗಿ ಒಡೆದಾಗ ಬೀಸುಬಲೆಗೆ ಸುಗ್ಗಿ. ಹತ್ತಿಯ ನೂಲಿನ ಬಲೆ ಬೇಗ ಕೊಳೆಯುತ್ತಿತ್ತು. ಮರದ ತೊಗಟೆಯ ಕಷಾಯದಲ್ಲಿ ಅದ್ದಿ, ಬಳಸಿದ ಮೇಲೆ ಒಣಗಿಸಬೇಕಿತ್ತು. ನೈಲಾನ್ ಬಂದು ಆ ಕೆಲಸ ತಪ್ಪಿತು.

ನೈಲಾನಿಗಿಂತ ದೊಡ್ಡ ಬದಲಾವಣೆ ತಂದದ್ದು ಅಣೆಕಟ್ಟು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಮುಗಿದದ್ದು 2005ರಲ್ಲಿ. ಅಷ್ಟರಲ್ಲಿ ಕೆಳಗೆ ನಾರಾಯಣಪುರದಲ್ಲೂ ನೀರು ನಿಂತಿತ್ತು. 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ಹಿಡಿಯುವ ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆಯವರೆಗೆ ಚಾಚಿದೆ. ಆಳದ ನೀರಿನಲ್ಲಿ ಬೀಸುಬಲೆ ತಳ ಮುಟ್ಟದು. ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆಗಳಿಗೆ ಸಿಕ್ಕಿ ಎಳೆಬಲೆ ಹರಿಯುತ್ತದೆ. ಹಾಗಾಗಿ ಇಂಥ ನೀರಿಗೆ ಒಗ್ಗಿದ್ದು ಕಿವಿರುಬಲೆ: ಮೇಲೆ ಬೆಂಡು, ಕೆಳಗೆ ಗುಂಡು ಕಟ್ಟಿ ಸಂಜೆ ನೀರಲ್ಲಿ ನಿಲ್ಲಿಸುವುದು, ನಸುಕಿನಲ್ಲಿ ಎತ್ತುವುದು. ಕಣ್ಣಿನಲ್ಲಿ ತಲೆ ತೂರಿಸಿದ ಮೀನು ಕಿವಿರಿನ ಬಳಿ ಸಿಕ್ಕಿಬೀಳುತ್ತದೆ. ಬಾಳೆಮೀನಿನಂಥ ಬೇಟೆಗಾರನಿಗೆ ಒಂದೇ ಹಗ್ಗಕ್ಕೆ ಹತ್ತಾರು ಗಾಳ ಕಟ್ಟಿ ರಾತ್ರಿ ಬಿಡುವ ಉಪಾಯವೂ ಇದೆ.

ಮೀನೂ ಬದಲಾಯಿತು. 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಚುಚ್ಚುಮದ್ದಿನಿಂದ ಗೆಂಡೆಗಳಿಗೆ ಮೊಟ್ಟೆಯಿಡಿಸಿದ ಮೇಲೆ ದೇಶದ ಜಲಾಶಯಗಳಿಗೆ ಬೇಕಾದಷ್ಟು ಕಾಟ್ಲಾ, ರೋಹು ಮರಿಗಳು ಸಿಗತೊಡಗಿದವು. ದಡದಲ್ಲಿ ಫೈಬರ್ ಕೋಲು, ರೀಲು ಹಿಡಿದ ಹವ್ಯಾಸಿಗಳು ಈಗ ಹೊಸಬರೇನಲ್ಲ. ಅವರಿಂದ ಹೊಳೆಗೆ ದೊಡ್ಡ ಕೇಡಿಲ್ಲ.

ಕೇಡು ಇರುವುದು ಸಣ್ಣ ಕಣ್ಣಿನ ಅಗ್ಗದ ಒಂಟಿಎಳೆ ಬಲೆಯಲ್ಲಿ. ಅದು ಒಮ್ಮೆಯೂ ಮೊಟ್ಟೆಯಿಡದ ಮರಿಯನ್ನೂ ಬಿಡುವುದಿಲ್ಲ. ಕಡಿದು ಮುಳುಗಿದರೂ ಬಹುಕಾಲ ಕೊಳೆಯದೆ ಮೀನು ಕೊಲ್ಲುತ್ತಲೇ ಇರುತ್ತದೆ. ಹೊಸನೀರು ಬರುವ ತಿಂಗಳುಗಳಲ್ಲಾದರೂ ಇಂಥ ಬಲೆಯನ್ನು ಹಿನ್ನೀರಿಗೆ ಇಳಿಸದಂತೆ ಮೀನುಗಾರರ ಸಂಘಗಳೂ ಮೀನುಗಾರಿಕೆ ಇಲಾಖೆಯೂ ಕೂಡಿ ನೋಡಿಕೊಳ್ಳಬೇಕು.