ಮಾನಖುರ್ದಿನ ಬೇಸಿಗೆ ಶಿಬಿರ

ಮೇ ತಿಂಗಳೆಂದರೆ ಮುಂಬಯಿ ಕನ್ನಡಿಗರಿಗೆ ಊರಿನ ತಿಂಗಳು. ಮಕ್ಕಳ ಪರೀಕ್ಷೆ ಮುಗಿಯುವುದಕ್ಕೆ ಎಷ್ಟೋ ಮೊದಲೇ ಮಂಗಳೂರು, ಉಡುಪಿ, ಹುಬ್ಬಳ್ಳಿ, ವಿಜಯಪುರದ ಕಡೆಯ ಗಾಡಿಗಳಿಗೆ ಟಿಕೇಟು ಕಾದಿರಿಸಿ, ಮಾವು ಹಲಸಿನ ಲೆಕ್ಕ ಹಾಕುತ್ತ ಕೂರುವವರು ನಾವು. ನಾವು ಹೀಗೆ ಊರ ದಾರಿ ಹಿಡಿಯುವ ಹೊತ್ತಿಗೇ ದೇಶದ ನಾನಾ ಮೂಲೆಗಳಿಂದ ಹದಿನೈದು ಹದಿನೆಂಟರ ಪ್ರಾಯದ ಹುಡುಗ ಹುಡುಗಿಯರು ಪೆಟ್ಟಿಗೆ ಹಿಡಿದು ಮುಂಬಯಿಗೆ ಬಂದಿಳಿಯುತ್ತಾರೆ. ಅವರು ನೋಡಲು ಬರುವುದು ಗೇಟ್‌ವೇಯನ್ನಲ್ಲ, ಚೌಪಾಟಿಯನ್ನೂ ಅಲ್ಲ. ಹಾರ್ಬರ್ ಮಾರ್ಗದ ಮಾನಖುರ್ದಿನಲ್ಲಿ, ಅಣುಶಕ್ತಿನಗರದ ಪಕ್ಕದಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಆವರಣಕ್ಕೆ ಅವರು ಹೋಗುತ್ತಾರೆ. ಅಲ್ಲೇ ಉಂಡು, ಅಲ್ಲೇ ಮಲಗಿ, ಕೆಲವು ವಾರ ವಿಜ್ಞಾನ ಕಲಿಯುತ್ತಾರೆ.

ಚೆಂಬೂರು, ಗೋವಂಡಿ, ವಾಶಿಯ ಕಡೆ ವಾಸವಾಗಿರುವ ನಮ್ಮ ಸದಸ್ಯರು ಈ ಕೇಂದ್ರದ ಹತ್ತಿರದಿಂದ ನೂರಾರು ಬಾರಿ ಓಡಾಡಿದ್ದಾರೆ. ಅದರೊಳಗೆ ಏನು ನಡೆಯುತ್ತದೆಂದು ಕೇಳಿದರೆ, 'ಅಟಾಮಿಕ್‌ನವರದು ಏನೋ' ಎಂಬುದಷ್ಟೇ ಉತ್ತರ. ಹಿತ್ತಲ ಗಿಡ ಮದ್ದಲ್ಲವಷ್ಟೆ. ಆದುದರಿಂದ ಈ ಶಿಬಿರಗಳು ಹೇಗೆ ಹುಟ್ಟಿಕೊಂಡವು, ಅವುಗಳಲ್ಲಿ ಏನು ನಡೆಯುತ್ತದೆ, ಅಲ್ಲಿ ನಮ್ಮ ಮಕ್ಕಳ ಸ್ಥಾನವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ.

ಶಾಲಾ ಮಕ್ಕಳನ್ನು ವಿಜ್ಞಾನಿಗಳ ಸಹವಾಸಕ್ಕೆ ತರುವ ಈ ಪದ್ಧತಿಗೆ ಬಹಳ ಪ್ರಾಚೀನ ಚರಿತ್ರೆಯೇನೂ ಇಲ್ಲ. ಸೋವಿಯೆತ್ ದೇಶದ ಲೆನಿನ್‌ಗ್ರಾಡಿನಲ್ಲಿ 1934ರಲ್ಲಿ ಶಾಲಾ ಮಕ್ಕಳಿಗಾಗಿ ಗಣಿತ ಒಲಿಂಪಿಯಾಡ್ ನಡೆಯಿತು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲಕ್ಕೇರಿದಾಗ ಅಮೆರಿಕದವರಿಗೆ ತಮ್ಮ ಶಾಲೆಗಳ ವಿಜ್ಞಾನ ಪಾಠದ ಮೇಲೆಯೇ ಸಂಶಯ ಬಂತು. ವಿಶ್ವವಿದ್ಯಾಲಯಗಳ ಬೇಸಿಗೆ ತರಗತಿಗಳಿಗೆ ಅಲ್ಲಿನ ಸರಕಾರ ಧಾರಾಳವಾಗಿ ಹಣ ಕೊಡತೊಡಗಿತು. ಆರ್ನಾಲ್ಡ್ ರಾಸ್ ಎಂಬ ಗಣಿತಜ್ಞರು ಅದೇ 1957ರಲ್ಲಿ ಆರಂಭಿಸಿದ ಬೇಸಿಗೆ ಗಣಿತ ಶಾಲೆಯಂತೂ ಅವರು ಕಾಲವಾದ ಮೇಲೂ ಮುಂದುವರಿದಿದೆ. ಇತ್ತ ರಷ್ಯನ್ನರೂ ಸುಮ್ಮನಿರಲಿಲ್ಲ. ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ 1962ರ ಬೇಸಿಗೆಯಲ್ಲಿ ಹಳ್ಳಿ ಪಟ್ಟಣಗಳ ಜಾಣ ಮಕ್ಕಳನ್ನು ಕೂಡಿಸಿ ಶಿಬಿರ ಮಾಡಿದರು. ಮರುವರ್ಷವೇ ಅದು ವಸತಿಶಾಲೆಯಾಯಿತು. ಮಾಸ್ಕೋದಲ್ಲಿ ಕೊಲ್ಮೊಗೊರೊವ್‌ರಂಥ ಜಗತ್ಪ್ರಸಿದ್ಧ ಗಣಿತಜ್ಞರೇ ಹದಿಹರೆಯದವರಿಗೆ ಪಾಠ ಹೇಳಲು ನಿಂತರು. ಎರಡು ದೇಶಗಳ ಪೈಪೋಟಿಯಲ್ಲಿ ಬಾಂಬುಗಳ ಜತೆಗೆ ಇಷ್ಟಾದರೂ ಒಳ್ಳೆಯದು ಹುಟ್ಟಿತಲ್ಲ ಎಂದುಕೊಳ್ಳಬೇಕು.

ನಮ್ಮ ದೇಶದಲ್ಲಿ 1963ರಲ್ಲಿ ದಿಲ್ಲಿಯ ಮಟ್ಟಿಗೆ ಕೇವಲ 10 ವಿದ್ಯಾರ್ಥಿವೇತನಗಳೊಂದಿಗೆ ವಿಜ್ಞಾನ ಪ್ರತಿಭಾ ಶೋಧ ಯೋಜನೆ ಶುರುವಾಯಿತು. ಮರುವರ್ಷ ಅದನ್ನು ದೇಶಕ್ಕೆಲ್ಲ ವಿಸ್ತರಿಸಿ 350 ವಿದ್ಯಾರ್ಥಿವೇತನಗಳನ್ನು ಇಟ್ಟರು. ಇದನ್ನು ನಡೆಸಿದ್ದು ಎನ್.ಸಿ.ಇ.ಆರ್.ಟಿ. ಬರೇ ಅಂಕಗಳನ್ನು ನೋಡದೆ, ಮಕ್ಕಳು ತಾವೇ ಮಾಡಿದ ಒಂದು ಯೋಜನಾ ವರದಿಯನ್ನೂ ಪ್ರಬಂಧವನ್ನೂ ಕೇಳುತ್ತಿದ್ದರು, ಆಮೇಲೆ ಸಂದರ್ಶನ. ಆಯ್ಕೆಯಾದವರಿಗೆ ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳಲ್ಲಿ ವಸತಿ ಸಹಿತ ಬೇಸಿಗೆ ಶಾಲೆ. ಒಂದು ಷರತ್ತು ಮಾತ್ರ ಇತ್ತು: ಓದುವುದಾದರೆ ಮೂಲ ವಿಜ್ಞಾನವನ್ನೇ ಓದಬೇಕು. ಇಂಜಿನಿಯರಿಂಗಿಗೋ ಡಾಕ್ಟರಿಕೆಗೋ ಹೋದರೆ ವಿದ್ಯಾರ್ಥಿವೇತನವಿಲ್ಲ. ನಮ್ಮಂಥ ಸಂಬಳದ ಜನರ ಮನೆಗಳಲ್ಲಿ ಈ ಷರತ್ತು ಎಷ್ಟು ಚರ್ಚೆಗೆ ಕಾರಣವಾಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. 1976ರಲ್ಲಿ ನಿಯಮ ಬದಲಾಗಿ ಇಂಜಿನಿಯರಿಂಗ್, ವೈದ್ಯಕೀಯ, ಸಮಾಜಶಾಸ್ತ್ರಗಳೂ ಸೇರಿದವು, ಹೆಸರಿನಿಂದ 'ವಿಜ್ಞಾನ' ಎಂಬ ಶಬ್ದ ಬಿಟ್ಟುಹೋಯಿತು. ಪ್ರಬಂಧ, ಯೋಜನಾ ವರದಿಗಳೂ ಹೋಗಿ ಗುರುತು ಹಾಕುವ ಪ್ರಶ್ನೆಗಳು ಬಂದವು. ಕಡತ ನೋಡುವವರಿಗೆ ಅನುಕೂಲವಾಯಿತು. ಮಕ್ಕಳಿಗೆ ನಷ್ಟವಾಯಿತೆಂದೇ ನಮ್ಮ ಅಭಿಪ್ರಾಯ. ಆ ಪರೀಕ್ಷೆಯೂ 2021ರಿಂದ ನಿಂತಿದೆ.

ಈಗ ಮುಂಬಯಿಗೆ ಬರೋಣ. ಹೋಮಿ ಭಾಭಾ ಅವರು 1945ರಲ್ಲಿ ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಹೆಸರನ್ನು ಎಲ್ಲರೂ ಬಲ್ಲರು. ಅದಕ್ಕೆ ಮುಂಚೆ ಅವರು ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಇದ್ದವರು, ಸಂಸ್ಥೆಯ ಕೆಲಸ ಮೊದಲಾದುದೂ ಅಲ್ಲೇ. ಈ ಸಂಸ್ಥೆಯ ವಿಜ್ಞಾನಿಗಳಲ್ಲಿ ಕೆಲವರಿಗೆ ಶಾಲೆಗಳ ವಿಜ್ಞಾನ ಪಾಠದ ಚಿಂತೆ ಹತ್ತಿ, 1974ರಲ್ಲಿ ಟಾಟಾ ದತ್ತಿಯ ನೆರವಿನಿಂದ ಹೋಮಿ ಭಾಭಾ ಕೇಂದ್ರ ಪ್ರಾರಂಭವಾಯಿತು. ದೊಡ್ಡ ಕಟ್ಟಡವೇನೂ ಇರಲಿಲ್ಲ. ಗ್ರಾಂಟ್ ರೋಡಿನ ಹತ್ತಿರ ನಾನಾ ಚೌಕದ ಮಹಾನಗರಪಾಲಿಕೆ ಶಾಲೆಯ ಕೆಲವು ಕೋಣೆಗಳೇ ಕೇಂದ್ರ. ಭೌತವಿಜ್ಞಾನಿ ವಿ. ಜಿ. ಕುಲಕರ್ಣಿಯವರು ಅದರ ಮೊದಲ ನಿರ್ದೇಶಕರು. ಮಾನಖುರ್ದಿನ ಸ್ವಂತ ಆವರಣಕ್ಕೆ ಬಂದದ್ದು ಬಹಳ ತಡವಾಗಿ, 1992ರಲ್ಲಿ.

ನಾನಾ ಚೌಕದ ಆ ದಿನಗಳ ಒಂದು ಕೆಲಸವನ್ನು ನಾವು ವಿಶೇಷವಾಗಿ ನೆನೆಯಬೇಕು. ಪಾಲಿಕೆ ಶಾಲೆಗಳಲ್ಲಿ ಓದುವ, ಹಿಂದುಳಿದ ಬಡ ಕುಟುಂಬಗಳ ಮಕ್ಕಳನ್ನು ಆರಿಸಿ ಕುಲಕರ್ಣಿಯವರೂ ಅವರ ಸಹೋದ್ಯೋಗಿಗಳೂ ಕೆಲವು ವರ್ಷ ಅವರಿಗೆ ಪಾಠ ಹೇಳಿದರು. ಈ ಮಕ್ಕಳಿಗೆ ವಿಜ್ಞಾನ ಏಕೆ ಹತ್ತುವುದಿಲ್ಲ ಎಂದು ಹುಡುಕಿದಾಗ ಕಂಡದ್ದು ಬುದ್ಧಿಯ ಕೊರತೆಯಲ್ಲ. ಪುಸ್ತಕದ ಭಾಷೆಯೇ ಅಡ್ಡಿಯಾಗಿತ್ತು. ಪಾಠ ಮರಾಠಿಯಲ್ಲೇ ಇದ್ದರೂ ಅದು ಆ ಮಕ್ಕಳ ಮನೆಯ ಮರಾಠಿಯಾಗಿರಲಿಲ್ಲ. ಸಂಸ್ಕೃತದ ಭಾರ ಇಳಿಸಿ, ವಾಕ್ಯಗಳನ್ನು ಚಿಕ್ಕದು ಮಾಡಿ, ಕೈಯಿಂದ ಮಾಡುವ ಪ್ರಯೋಗಗಳನ್ನು ಸೇರಿಸಿದ ಮೇಲೆ ಅದೇ ಮಕ್ಕಳು ಶಾಲಾಂತ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದರು. 'ಮಾತೃಭಾಷೆಯಲ್ಲಿ ಕಲಿಸಿ' ಎಂದು ವೇದಿಕೆಯಿಂದ ಭಾಷಣ ಮಾಡುವ ನಾವು, ಯಾವ ಮಾತೃಭಾಷೆ, ಎಂಥ ವಾಕ್ಯ ಎಂದು ಅಷ್ಟು ದೂರ ಯೋಚಿಸುವುದು ಕಡಿಮೆ.

ಇನ್ನು ಒಲಿಂಪಿಯಾಡ್. ಗಣಿತದ ಅಂತರರಾಷ್ಟ್ರೀಯ ಒಲಿಂಪಿಯಾಡ್ 1959ರಲ್ಲಿ ರುಮೇನಿಯದಲ್ಲಿ 7 ದೇಶಗಳಿಂದ ಆರಂಭವಾದುದು. ಭಾರತದ ತಂಡ ಮೊದಲು ಹೋದದ್ದು 1989ರಲ್ಲಿ, ಜರ್ಮನಿಗೆ. ಮುಂದೆ 1998ರಲ್ಲಿ ಭೌತಶಾಸ್ತ್ರಕ್ಕೆ, 1999ರಲ್ಲಿ ರಸಾಯನಶಾಸ್ತ್ರಕ್ಕೆ, 2000ದಲ್ಲಿ ಜೀವಶಾಸ್ತ್ರಕ್ಕೆ ತಂಡಗಳು ಹೊರಟವು. ಖಗೋಳಶಾಸ್ತ್ರವೂ ಕಿರಿಯರ ವಿಜ್ಞಾನವೂ ಇವುಗಳ ಜತೆ ಸೇರಿದವು. ಈ ತಂಡಗಳನ್ನು ಆರಿಸಿ ತರಬೇತು ಕೊಡುವ ಹೊಣೆ ಹೋಮಿ ಭಾಭಾ ಕೇಂದ್ರಕ್ಕೆ ಬಂತು, ಅದರಿಂದಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಮಾನಖುರ್ದಿನಲ್ಲಿ ಶಿಬಿರಗಳ ಕಾಲ. ಗಣಿತದ ಶಿಬಿರವೂ ಅನೇಕ ವರ್ಷ ಇಲ್ಲೇ ನಡೆಯಿತು.

ಶಿಬಿರಕ್ಕೆ ಬರುವುದು ಸುಲಭವಲ್ಲ. ನವೆಂಬರಿನಲ್ಲಿ ಭಾರತೀಯ ಭೌತಶಾಸ್ತ್ರ ಅಧ್ಯಾಪಕರ ಸಂಘ ನಡೆಸುವ ಮೊದಲ ಪರೀಕ್ಷೆಗೆ ದೇಶದಾದ್ಯಂತ ಸಾವಿರಗಟ್ಟಲೆ ಮಕ್ಕಳು ಕೂರುತ್ತಾರೆ. ಅವರಲ್ಲಿ ಕೆಲವು ನೂರು ಮಂದಿಗೆ ವರ್ಷಾರಂಭದಲ್ಲಿ ಎರಡನೆಯ ಪರೀಕ್ಷೆ. ಅದರಲ್ಲಿ ಗೆದ್ದ ಮೂವತ್ತೈದು ಐವತ್ತು ಮಂದಿಗಷ್ಟೇ ಆಯಾ ವಿಷಯದ ಶಿಬಿರ. ಕೊನೆಗೆ ವಿದೇಶಕ್ಕೆ ಹೋಗುವ ತಂಡದಲ್ಲಿ ಭೌತಶಾಸ್ತ್ರಕ್ಕೆ 5, ರಸಾಯನಶಾಸ್ತ್ರಕ್ಕೆ 4, ಜೀವಶಾಸ್ತ್ರಕ್ಕೆ 4 ಮಂದಿ ಮಾತ್ರ. ಪತ್ರಿಕೆಗಳಲ್ಲಿ ಚಿತ್ರ ಬರುವುದು ಈ ನಾಲ್ಕೈದು ಮಂದಿಯದು. ನಮ್ಮ ಆಸಕ್ತಿ ಇರುವುದು ಚಿತ್ರ ಬಾರದ ಉಳಿದವರಲ್ಲಿ.

ಏಕೆಂದರೆ ಅವರೂ ಆ ಕೆಲವು ವಾರ ಅದೇ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿರುತ್ತಾರೆ. ನಮ್ಮಲ್ಲಿ ಬಿ.ಎಸ್ಸಿ. ಮಾಡಿದವರಿಗೆ ಪ್ರಾಯೋಗಿಕ ತರಗತಿ ಎಂದರೇನೆಂದು ಗೊತ್ತು. ಉತ್ತರ ಮೊದಲೇ ಪುಸ್ತಕದಲ್ಲಿ ಇರುತ್ತದೆ, ಲೋಲಕ ತೂಗಿಸಿದಂತೆ ಮಾಡಿ 980ರ ಹತ್ತಿರ ಬರುವ ಅಂಕಿಗಳನ್ನು ಜರ್ನಲಿನಲ್ಲಿ ತುಂಬಿಸಿ ಸಹಿ ಹಾಕಿಸಿಕೊಳ್ಳುವುದು ಎಷ್ಟೋ ಕಾಲೇಜುಗಳ ರೂಢಿ. ಶಿಬಿರದ ಪ್ರಯೋಗ ಬೇರೆ. ಮೇಜಿನ ಮೇಲೆ ಸಾಮಾನುಗಳಿರುತ್ತವೆ, ಏನು ಕಂಡುಹಿಡಿಯಬೇಕೆಂದು ಹೇಳಿರುತ್ತಾರೆ, ಹೇಗೆಂಬುದನ್ನು ಹುಡುಗನೇ ಯೋಚಿಸಬೇಕು. ಅಳತೆಯಲ್ಲಿ ತಪ್ಪು ಎಷ್ಟು ಇರಬಹುದೆಂದು ಲೆಕ್ಕ ಹಾಕಿ ಬರೆಯಬೇಕು. ಭೌತಶಾಸ್ತ್ರದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಯೋಗಕ್ಕೇ 5 ಗಂಟೆ, 50ರಲ್ಲಿ 20 ಅಂಕ.

ಇಂಥ ಪ್ರಯೋಗದ ಧಾಟಿ ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಉದಾಹರಣೆ ಕೊಡುತ್ತೇವೆ. ಹಳೆಯ ಸಿ.ಡಿ.ಯೊಂದರ ಮೇಲೆ ಕೆಂಪು ಲೇಸರ್ ಕಡ್ಡಿಯ ಬೆಳಕನ್ನು ನೇರವಾಗಿ ಬಿಡಿ (ಕಣ್ಣಿಗೆ ಬೀಳದಂತೆ ಎಚ್ಚರವಿರಲಿ). ಒಂದು ಮೀಟರ್ ಎದುರಿಗಿರುವ ಗೋಡೆಯ ಮೇಲೆ ನಡುವಿನ ಚುಕ್ಕೆಯ ಎರಡೂ ಕಡೆ, ಸುಮಾರು 44 ಸೆಂಟಿಮೀಟರ್ ದೂರದಲ್ಲಿ ಮತ್ತೆರಡು ಚುಕ್ಕೆಗಳು ಬೀಳುತ್ತವೆ. ಈ ದೂರದಿಂದ ಕೋನ, ಕೋನದಿಂದ ಸಿ.ಡಿ.ಯ ಗೀರುಗಳ ನಡುವಿನ ಅಂತರ. ಅದು ಒಂದು ಮಿಲಿಮೀಟರಿನ ಸಾವಿರದಲ್ಲಿ 1.6 ಭಾಗ. ಕಣ್ಣಿಗೆ ಕಾಣದ ಅಳತೆಯನ್ನು ಹನ್ನೆರಡು ಇಂಚಿನ ಪಟ್ಟಿಯಿಂದ ಅಳೆದಂತಾಯಿತು. ನಾಲ್ಕು ಬಾರಿ ಅಳೆದರೆ ನಾಲ್ಕು ಉತ್ತರ ಬರುತ್ತದೆ, ಪಾಠ ಆರಂಭವಾಗುವುದು ಅಲ್ಲಿಂದಲೇ. ಒಂದೇ ಕೋಣೆಯಲ್ಲಿ ಪಂಜಾಬಿನವನೂ ತಮಿಳುನಾಡಿನವನೂ ಇದ್ದು, ರಾತ್ರಿ ಊಟದ ಮೇಲೂ ಆ ನಾಲ್ಕು ಉತ್ತರಗಳ ಮೇಲೆ ಜಗಳಾಡಲು ಅವಕಾಶವಿರುವುದೇ ವಸತಿ ಶಿಬಿರದ ಲಾಭ. ಗಂಟೆ ಹೊಡೆದೊಡನೆ ಮನೆಗೆ ಓಡುವ ತರಗತಿಯಲ್ಲಿ ಇದು ಸಾಧ್ಯವಿಲ್ಲ.

ಆದರೆ ಈ ಶಿಬಿರಗಳಿಗೆ ಬರುವ ಮಕ್ಕಳು ಯಾರು? ವಿಷಯ ಇಲ್ಲಿ ಸ್ವಲ್ಪ ಕಹಿಯಾಗುತ್ತದೆ. ಲಕ್ಷಗಟ್ಟಲೆ ಶುಲ್ಕದ ಕೋಚಿಂಗ್ ತರಗತಿಗಳು ಒಲಿಂಪಿಯಾಡನ್ನೂ ತಮ್ಮ ಸರಕುಗಳ ಪಟ್ಟಿಗೆ ಸೇರಿಸಿಕೊಂಡಿವೆ. ಶಿಬಿರದ ಪಾಠಗಳೆಲ್ಲ ಮುಖ್ಯವಾಗಿ ಇಂಗ್ಲಿಷಿನಲ್ಲಿ. ನಾನಾ ಚೌಕದಲ್ಲಿ ಪಾಲಿಕೆ ಶಾಲೆಯ ಮಕ್ಕಳ ನಡುವೆ ಹುಟ್ಟಿದ ಕೇಂದ್ರದ ಅಂಗಳಕ್ಕೆ ಇಂದು ಅಂಥ ಶಾಲೆಯ ಮಗು ಪರೀಕ್ಷೆ ಗೆದ್ದು ಬರುವುದು ಎಷ್ಟು ಕಷ್ಟ! ಇದು ಕೇಂದ್ರದವರ ದೋಷವೆಂದು ನಾವು ಹೇಳುವುದಿಲ್ಲ. ಅವರು ಶಾಲೆಗಳ ಕೆಲಸವನ್ನೂ ಬಿಟ್ಟಿಲ್ಲ. ಜರಡಿಯ ಕಣ್ಣುಗಳೇ ಹಾಗಿವೆ.

ಭಾಷೆಯ ಮಾತಿಗೇ ಬಂದರೆ ಒಂದು ಸಂಗತಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದೆ. 1996ರಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಮ್ಮ ಮುಂಬಯಿಯಲ್ಲೇ ಜರುಗಿತು. 75 ದೇಶಗಳ 424 ಮಕ್ಕಳು ಬಂದಿದ್ದರು. ಅಲ್ಲಿ ನಿಯಮವೇ ಹೀಗೆ: ಪ್ರಶ್ನೆಗಳು ನಿಶ್ಚಯವಾದೊಡನೆ ಆಯಾ ದೇಶದ ನಾಯಕರು ಅವನ್ನು ತಮ್ಮ ಮಕ್ಕಳ ಭಾಷೆಗೆ ತರುತ್ತಾರೆ, ಮಕ್ಕಳು ತಮ್ಮ ಭಾಷೆಯಲ್ಲೇ ಉತ್ತರ ಬರೆಯುತ್ತಾರೆ. ಐಸ್‌ಲೆಂಡ್ ದೇಶದ ಜನಸಂಖ್ಯೆ 4 ಲಕ್ಷಕ್ಕೂ ಕಡಿಮೆ, ನಮ್ಮ ಒಂದು ವಾರ್ಡಿನಷ್ಟು. ಅವರ ಮಗುವಿಗೆ ಪ್ರಶ್ನಪತ್ರಿಕೆ ಐಸ್‌ಲೆಂಡಿನ ಭಾಷೆಯಲ್ಲಿ ಸಿಗುತ್ತದೆ. (ಭಾರತದ ಭೌತಶಾಸ್ತ್ರ ತಂಡ 1998ರಲ್ಲಿ ಮೊದಲು ಹೋದದ್ದು ಆ ದೇಶದ ರಾಜಧಾನಿಗೇ.) 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಅವರ ಮಗು ಅಲ್ಲಿಯವರೆಗೆ ತಲುಪಬೇಕಾದರೆ ಕನ್ನಡವನ್ನು ಎಂದೋ ಹಿಂದೆ ಬಿಟ್ಟಿರಬೇಕು.

ಮುಂಬಯಿಯ ಕನ್ನಡ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಓದಿಯೇ ಇಲ್ಲವೆಂದಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಚರಿತ್ರೆ ನಮ್ಮ ಓದುಗರಿಗೆ ಹೊಸದಲ್ಲ, ಕೆಲವರಿಗೆ ಅದು ಸ್ವಂತ ಚರಿತ್ರೆ. ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿತು, ಕನ್ನಡ ಅವುಗಳಲ್ಲೊಂದು. ಮಹಾರಾಷ್ಟ್ರದ ಬಾಲಭಾರತಿ ಅಕ್ಕಲಕೋಟೆ, ಜತ್ತದ ಮಕ್ಕಳಿಗೂ ನಮ್ಮವರಿಗೂ ವಿಜ್ಞಾನ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟಿದೆ. ಕರ್ನಾಟಕದಲ್ಲಿ 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ, 1980ರಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ಬಂದವು. 1993ರಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶದಲ್ಲಂತೂ ತಮ್ಮ ಊರಿನ ನೀರು, ಮಣ್ಣಿನ ಮೇಲೆ ಮಾಡಿದ ಅಧ್ಯಯನವನ್ನು ಮಕ್ಕಳು ತಮ್ಮ ಭಾಷೆಯಲ್ಲೇ ಒಪ್ಪಿಸಬಹುದಾಗಿತ್ತು. ಹಳೆಯ ಪ್ರತಿಭಾ ಶೋಧದ ಯೋಜನಾ ವರದಿ ಹೀಗೆ ಬೇರೊಂದು ಬಾಗಿಲಿನಿಂದ ಮರಳಿ ಬಂತು.

ನಮ್ಮ ಸಂಘಗಳ ಸಭಾಗೃಹಗಳಲ್ಲಿ ಬೇಸಿಗೆಯಲ್ಲಿ ಯಕ್ಷಗಾನ ತರಬೇತಿ, ಕನ್ನಡ ಅಕ್ಷರಾಭ್ಯಾಸಗಳು ನಡೆಯುತ್ತವೆ. ಅವು ಬೇಕು. ಅದೇ ಚಾಪೆಯ ಮೇಲೆ ನಾಲ್ಕು ದಿನ ಮೇಲೆ ಹೇಳಿದ ಸಿ.ಡಿ.ಯ ಪ್ರಯೋಗವನ್ನು ಕನ್ನಡದಲ್ಲಿ ಮಾಡಿಸಲು ಬಹಳ ಹಣವೇನೂ ಬೇಕಾಗದು. ಅಣುಶಕ್ತಿನಗರದಲ್ಲಿ ಕೆಲಸ ಮಾಡಿ ನಿವೃತ್ತರಾದ ಕನ್ನಡಿಗರು ಚೆಂಬೂರು, ಡೊಂಬಿವಲಿಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ, ಕೇಳಿದರೆ ಇಲ್ಲವೆನ್ನಲಾರರು.

ಈ ವರ್ಷವೇ ಪ್ರಯತ್ನಿಸಬೇಕೆನ್ನುವವರ ತಿಳಿವಿಗೆ: ಭೌತ, ರಸಾಯನ, ಜೀವ, ಖಗೋಳ ಹಾಗೂ ಕಿರಿಯರ ವಿಜ್ಞಾನದ ಮೊದಲ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ. ಕಿರಿಯರ ವಿಭಾಗಕ್ಕೆ ಪ್ರಾಯದ ಮಿತಿ ಬಹಳ ಬಿಗಿ, ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅನೇಕರಿಗೆ ಅದು ದಾಟಿರುತ್ತದೆ. ಆದುದರಿಂದ ಒಂಬತ್ತನೆಯ ತರಗತಿಯಲ್ಲೇ ಜನನ ಪ್ರಮಾಣಪತ್ರ ತೆಗೆದು ನೋಡುವುದು ಒಳ್ಳೆಯದು. ಗಣಿತಕ್ಕೆ ಪರೀಕ್ಷೆಯೂ ನೋಂದಣಿಯೂ ಪ್ರತ್ಯೇಕ.