ದೂರು ಕೊಟ್ಟವರು, ಸಿಮ್ ಬದಲಿಸಿದವರು

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಅದಕ್ಕೂ ಮೊದಲು ಐಐಎಸ್‌ಸಿಯಂಥ ಸಂಸ್ಥೆಗಳಿಗೆ ಎರ್ನೆಟ್ ಎಂಬ ಜಾಲವಿತ್ತು. ಮನೆಯಲ್ಲಿ ಕೂತವರಿಗೆ ಏನೂ ಇರಲಿಲ್ಲ. ಹೊಸ ಸೇವೆ ದೊಡ್ಡ ನಗರಗಳಿಗಷ್ಟೇ ಸಿಕ್ಕಿತು. ವ್ಯಕ್ತಿಗತ ಬಳಕೆದಾರರಿಗೆ 250 ಗಂಟೆಗೆ 5,000 ರೂಪಾಯಿ, ಅದರ ಮೇಲೆ ಟೆಲಿಫೋನ್ ಬಿಲ್ಲು ಬೇರೆ. ಲೈನು ಸಿಗುವುದೇ ಕಷ್ಟ, ಸಿಕ್ಕರೆ ನಡುವೆ ಕಡಿದುಹೋಗುವುದು, ಮತ್ತೆ ಡಯಲ್ ಮಾಡುವುದು. ಈ ದೇಶದ ಇಂಟರ್ನೆಟ್ ಗ್ರಾಹಕರು ಇಮೇಲ್ ಕೈಗೆ ಬಂದ ಮೇಲೆ ಒಬ್ಬರಿಗೊಬ್ಬರು ಬರೆದುಕೊಂಡ ಮೊದಮೊದಲ ಸಂಗತಿಗಳಲ್ಲಿ ಅದನ್ನು ಕೊಟ್ಟ ಕಂಪನಿಯ ಮೇಲಿನ ದೂರೂ ಒಂದು. ಆ ದೂರೂ ಅದೇ ಕಂಪನಿಯ ತಂತಿಯ ಮೇಲೆಯೇ ಸಾಗಬೇಕಿತ್ತು.

ಈ ದೂರುಗಳನ್ನು ಇತಿಹಾಸದ ವಸ್ತುವಾಗಿ ನೋಡಬಹುದು ಎಂಬುದು ನನ್ನ ಮಾತು. ನಮ್ಮ ವಿದ್ಯೆಯಲ್ಲಿ ಅರ್ಜಿಗಳಿಗೆ ದೊಡ್ಡ ಸ್ಥಾನವಿದೆ. ರೈತರು ಅಮಲ್ದಾರರಿಗೆ ಬರೆದದ್ದು, ನೇಕಾರರು ಕಂಪನಿ ಸರ್ಕಾರಕ್ಕೆ ಬರೆದದ್ದು, ಇವೆಲ್ಲ ಕಡತದಲ್ಲಿ ಉಳಿದಿದ್ದರಿಂದಲೇ ಅವರ ಬದುಕು ನಮಗೆ ಗೊತ್ತಾಗುತ್ತದೆ. ಇಂಟರ್ನೆಟ್ ಗ್ರಾಹಕರ ಅಸಮಾಧಾನಕ್ಕೂ ಇದೇ ಪ್ರಶ್ನೆ ಹಾಕಬೇಕು: ಅದು ಯಾವಾಗ ಗೊಣಗಾಟವಾಗಿ ಕರಗಿತು, ಯಾವಾಗ ದಾಖಲೆಯಾಯಿತು?

ವಿಎಸ್‌ಎನ್‌ಎಲ್ ಕಾಲದಲ್ಲಿ ದೂರನ್ನು ತೆಗೆದುಕೊಂಡು ಹೋಗಲು ಬೇರೆ ಬಾಗಿಲು ಇರಲಿಲ್ಲ. ಸೇವೆ ಕೊಡುವವರು ಅವರೊಬ್ಬರೇ, ಅವರ ಹಿಂದೆ ಇದ್ದದ್ದು ಸರ್ಕಾರ. ವಿದೇಶಿ ಕರೆಗಳ ಆದಾಯದ ಮೇಲೆ ನಿಂತ ಸಂಸ್ಥೆಗೆ ಇಂಟರ್ನೆಟ್ ಮೂಲಕ ಮಾತಾಡುವುದು ಹಿಡಿಸಲಿಲ್ಲ; ಅಂಥ ಸೇವೆಯ ತಾಣಗಳನ್ನು ತಡೆಯಲಾಯಿತು. ಅದನ್ನು ಎಂಜಿನಿಯರ್ ಅರುಣ್ ಮೆಹ್ತಾ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಆದರೆ ಕೋರ್ಟಿಗೆ ಹೋಗುವ ತಾಕತ್ತು ಎಷ್ಟು ಜನರಿಗೆ ಇದ್ದೀತು? 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದು ಏಕಸ್ವಾಮ್ಯ ಮುಗಿಯಿತು. ಇಂಟರ್ನೆಟ್ ಮೂಲಕ ಮಾತಾಡುವುದು ಕಾನೂನುಬದ್ಧವಾಗಲು 2002ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು.

ಈ ನಡುವೆ ಸದ್ದಿಲ್ಲದೆ ನಡೆದ ಸಂಗತಿ ಇನ್ನೂ ಮುಖ್ಯ. 1997ರ ಕಾಯ್ದೆಯಿಂದ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಹುಟ್ಟಿತು. ಪ್ರಾಧಿಕಾರ ತನ್ನ ಕೆಲಸದಲ್ಲಿ ಪಾರದರ್ಶಕವಾಗಿರಬೇಕು ಎಂದು ಅದರ 11ನೇ ಕಲಮಿನ 4ನೇ ಉಪಕಲಮು ಹೇಳುತ್ತದೆ. ಆ ಒಂದು ಸಾಲಿನಿಂದ ಸಮಾಲೋಚನಾ ಪತ್ರಗಳ ಪದ್ಧತಿ ಬೆಳೆಯಿತು. ನಿಯಮ ಮಾಡುವ ಮುಂಚೆ ಪ್ರಶ್ನೆಗಳನ್ನು ಪ್ರಕಟಿಸಬೇಕು, ಯಾರು ಬೇಕಾದರೂ ಉತ್ತರ ಬರೆಯಬಹುದು, ಬಂದ ಉತ್ತರಗಳನ್ನು ಎಲ್ಲರೂ ನೋಡಬಹುದು. ಬಹಳ ವರ್ಷ ಈ ಬಾಗಿಲಲ್ಲಿ ಓಡಾಡಿದವರು ಹೆಚ್ಚಾಗಿ ಕಂಪನಿಗಳ ವಕೀಲರೇ.

2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬಂದಾಗ ಗ್ರಾಹಕರ ಹೊಸ ತಲೆಮಾರು ಸಿದ್ಧವಾಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಆಗ 256 ಕೆಬಿಪಿಎಸ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್. ಒಂದು ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಡೌನ್‌ಲೋಡಿಗೆ ಲೆಕ್ಕವಿರಲಿಲ್ಲ. ಅಲಾರಂ ಇಟ್ಟು ಎದ್ದು ಕಂಪ್ಯೂಟರ್ ಹಚ್ಚುತ್ತಿದ್ದ ಹುಡುಗರ ಕಥೆ ಆ ಕಾಲದವರೆಲ್ಲ ಹೇಳುತ್ತಾರೆ. ಮೋಡೆಮ್ ಕೈಕೊಟ್ಟರೆ ಏನು ಮಾಡಬೇಕು, ಎಕ್ಸ್‌ಚೇಂಜಿನಲ್ಲಿ ಯಾರನ್ನು ಕೇಳಬೇಕು ಎಂದು ಗ್ರಾಹಕರೇ ಪರಸ್ಪರ ಕಲಿಸಿಕೊಂಡರು. ವೇಗ ಅಳೆಯುವುದನ್ನು ಕಲಿತರು. ಜಾಹೀರಾತಿನಲ್ಲಿದ್ದ ‘ಇಷ್ಟು ವೇಗದವರೆಗೆ’ ಎಂಬ ಮಾತಿನ ‘ವರೆಗೆ’ಯಲ್ಲಿ ಕಂಪನಿ ತನ್ನನ್ನು ಹೇಗೆ ಉಳಿಸಿಕೊಂಡಿದೆ ಎಂದು ಗುರುತಿಸಿದರು. ‘ಅನ್‌ಲಿಮಿಟೆಡ್’ ಎಂದು ಮಾರಿ, ಮಿತಿ ದಾಟಿದ ಮೇಲೆ ವೇಗ ಇಳಿಸುವ ಪದ್ಧತಿ ಖಾಸಗಿ ಕಂಪನಿಗಳಲ್ಲೂ ಬಂತು. 2012ರ ಜುಲೈನಲ್ಲಿ ಟ್ರಾಯ್, ಮಿತಿ ಎಷ್ಟು, ಆಮೇಲಿನ ವೇಗ ಎಷ್ಟು ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಸೂಚಿಸಿತು.

ಇಷ್ಟು ದಿನದ ಈ ಅಭ್ಯಾಸ 2015ರಲ್ಲಿ ಫಲ ಕೊಟ್ಟಿತು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್, ಇಂಟರ್ನೆಟ್ ಕರೆಗಳಿಗೆ ಪ್ರತ್ಯೇಕ ದರ ಹಾಕುವುದಾಗಿ ಪ್ರಕಟಿಸಿತು. ಗ್ರಾಹಕರ ಸಿಟ್ಟು ನೋಡಿ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. 2015ರ ಮಾರ್ಚ್ 27ರಂದು ಟ್ರಾಯ್ 118 ಪುಟಗಳ ಇಂಗ್ಲಿಷ್ ಪತ್ರವನ್ನು ಹೊರಡಿಸಿ 20 ಪ್ರಶ್ನೆ ಕೇಳಿತು. ಸಾಮಾನ್ಯರು ಓದಿ ಮುಗಿಸುವಂಥದ್ದಲ್ಲ. ಆದರೆ ಸ್ವಯಂಸೇವಕರು ಅದನ್ನು ಸಂಕ್ಷೇಪಿಸಿದರು, ಉತ್ತರಗಳ ಕರಡು ತಯಾರಿಸಿದರು, ಬೇಕಾದಂತೆ ತಿದ್ದಿ ಕಳಿಸುವ ದಾರಿ ಮಾಡಿಕೊಟ್ಟರು. ಪತ್ರಕರ್ತ ನಿಖಿಲ್ ಪಾಹ್ವಾ, ಬೆಂಗಳೂರಿನ ಹ್ಯಾಸ್‌ಗೀಕ್‌ನ ಕಿರಣ್ ಜೊನ್ನಲಗಡ್ಡ ಮೊದಲಾದವರು ಇದರಲ್ಲಿದ್ದರು. ಎಐಬಿ ತಂಡದ ಹಾಸ್ಯ ವಿಡಿಯೊ ವಿಷಯವನ್ನು ಮನೆಮನೆಗೆ ಮುಟ್ಟಿಸಿತು. ಏಪ್ರಿಲ್ 24ರ ಗಡುವಿನ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋಗಿದ್ದವು. ಆಯ್ದ ಆಪ್‌ಗಳನ್ನು ಉಚಿತವಾಗಿ ಕೊಡುವ ಏರ್‌ಟೆಲ್ ಜೀರೊ ಯೋಜನೆಯಿಂದ ಫ್ಲಿಪ್‌ಕಾರ್ಟ್ ಅದೇ ತಿಂಗಳು ಹೊರಬಂತು. ಟ್ರಾಯ್ ಬಂದ ಇಮೇಲ್‌ಗಳನ್ನು ಕಳಿಸಿದವರ ವಿಳಾಸ ಸಹಿತ ಪ್ರಕಟಿಸಿಬಿಟ್ಟಿತು. ಖಾಸಗಿತನದ ದೃಷ್ಟಿಯಿಂದ ಅದು ತಪ್ಪೇ. ಆದರೂ ಗ್ರಾಹಕರ ಅಸಮಾಧಾನ ಅಷ್ಟು ದೊಡ್ಡ ಪ್ರಮಾಣದಲ್ಲಿ ಸರ್ಕಾರಿ ಕಡತ ಸೇರಿದ್ದು ಆಗಲೇ.

ಮುಂದಿನ ಸುತ್ತು ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಕುರಿತದ್ದು. ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಕೆಲವೇ ತಾಣಗಳನ್ನು ಬಡವರಿಗೆ ಉಚಿತವಾಗಿ ಕೊಡುವ ಯೋಜನೆ ಅದು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂತು. ಮಾರ್ಕ್ ಜುಕರ್‌ಬರ್ಗ್ ತಮ್ಮ ಲೇಖನದಲ್ಲಿ ಮಹಾರಾಷ್ಟ್ರದ ಗಣೇಶ್ ಎಂಬ ರೈತನ ಉದಾಹರಣೆ ಕೊಟ್ಟರು. ಐಐಟಿ ಮತ್ತು ಐಐಎಸ್‌ಸಿಯ ಪ್ರಾಧ್ಯಾಪಕರು ಹೇಳಿಕೆ ಹೊರಡಿಸಿ ವಿರೋಧಿಸಿದರು. ಫೇಸ್‌ಬುಕ್ ತನ್ನ ಬಳಕೆದಾರರಿಂದಲೂ ಲಕ್ಷಗಟ್ಟಲೆ ಬೆಂಬಲದ ಪತ್ರ ಕಳಿಸಿತು. ಇದು ಸಮಾಲೋಚನೆಯೇ ಹೊರತು ಜನಮತ ಎಣಿಕೆಯಲ್ಲ ಎಂಬ ಅರ್ಥದಲ್ಲಿ ಟ್ರಾಯ್ ಫೇಸ್‌ಬುಕ್ಕಿಗೆ ಪತ್ರ ಬರೆಯಿತು. ಕೇಳಿದ ಪ್ರಶ್ನೆಗೆ ಕೊಟ್ಟ ಕಾರಣಗಳೇ ಮುಖ್ಯವಾದವು. 2016ರ ಫೆಬ್ರುವರಿ 8ರಂದು, ತಾಣ ನೋಡಿ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿದ ನಿಯಮ ಬಂತು. ಮೀರಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ದಂಡ.

ಇದನ್ನು ಗ್ರಾಹಕರ ಗೆಲುವೆಂದು ಬರೆದು ಮುಗಿಸಬಹುದು. ಆದರೆ ಅದೇ ವರ್ಷ ಮೇ 11ರಂದು ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಮಾತಿನ ನಡುವೆ ಕರೆ ಕಡಿದರೆ ಗ್ರಾಹಕರಿಗೆ ಒಂದು ರೂಪಾಯಿ, ದಿನಕ್ಕೆ ಗರಿಷ್ಠ ಮೂರು ಕರೆಗಳಿಗೆ ಪರಿಹಾರ ಕೊಡಬೇಕೆಂಬ ಟ್ರಾಯ್ ನಿಯಮವನ್ನು ರದ್ದುಮಾಡಿತು. ಕೋರ್ಟ್ ಕೊಟ್ಟ ಕಾರಣಗಳಲ್ಲಿ ಪಾರದರ್ಶಕತೆಯ ಕೊರತೆಯೂ ಒಂದು. ಗ್ರಾಹಕರನ್ನು ಮಾತಾಡಿಸಿದ ಅದೇ ಕಲಮನ್ನು ಇಲ್ಲಿ ಕಂಪನಿಗಳು ಬಳಸಿಕೊಂಡವು. ಬಾಗಿಲು ಎಲ್ಲರಿಗೂ ತೆರೆದಿದೆ ನಿಜ. ಅದನ್ನು ದಾಟುವ ಭಾಷೆ ಯಾರಿಗೆ ಬರುತ್ತದೆ ಎನ್ನುವುದು ಬೇರೆ ಪ್ರಶ್ನೆ.

ಸಿಂಧನೂರು ತಾಲ್ಲೂಕಿನ ನಮ್ಮ ಆರ್.ಎಚ್. ಕ್ಯಾಂಪಿನಿಂದ ನೋಡಿದರೆ ಈ ಪ್ರಶ್ನೆ ಚುರುಕಾಗುತ್ತದೆ. ಆರ್.ಎಚ್. ಎಂದರೆ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ನೆಲೆ ನಿಲ್ಲಿಸಿ, ಊರುಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟರು. ಅರ್ಜಿ ಬರೆಯುವುದು ಇಲ್ಲಿಯವರಿಗೆ ಹೊಸದಲ್ಲ. ಪೌರತ್ವಕ್ಕೆ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಿಡಿದು ತಲೆಮಾರುಗಳು ಕಚೇರಿ ಸುತ್ತಿವೆ. ಆದರೆ ನೆಟ್ ಸಿಗದಿದ್ದರೆ ಯಾರೂ ಅರ್ಜಿ ಬರೆಯುವುದಿಲ್ಲ. ಸಿಮ್ ಬದಲಿಸುತ್ತಾರೆ. 2011ರ ಜನವರಿಯಿಂದ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದಲ್ಲ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ಹೇಳುವಂತೆ, ಸಂಸ್ಥೆಯೊಂದು ಕೆಟ್ಟರೆ ಗ್ರಾಹಕರಿಗೆ ಎರಡು ದಾರಿ: ಬಿಟ್ಟುಹೋಗುವುದು, ಇಲ್ಲವೆ ಬಾಯಿ ಬಿಟ್ಟು ಹೇಳುವುದು. ಬಿಟ್ಟುಹೋಗುವುದು ಸುಲಭವಾದಷ್ಟೂ ಹೇಳುವುದು ಕಡಿಮೆಯಾಗಬಹುದು. ಬಿಟ್ಟುಹೋದವರು ಎಷ್ಟು ಮಂದಿ ಎಂಬ ಲೆಕ್ಕ ಕಂಪನಿಯ ಬಳಿ ಇರುತ್ತದೆ. ಗದ್ದೆಬದಿಯ ಮನೆಯಲ್ಲಿ ಪರೀಕ್ಷೆಯ ಫಾರ್ಮು ತುಂಬುತ್ತಿದ್ದ ಹುಡುಗಿಗೆ ಕಡೆಯ ದಿನ ಪುಟ ತೆರೆಯಲಿಲ್ಲ ಎಂಬುದು ಎಲ್ಲೂ ಇರುವುದಿಲ್ಲ. 2015ರಲ್ಲಿ ಪರವಿರೋಧ ಎರಡೂ ಕಡೆಯವರು ಹಳ್ಳಿಯ ಬಡವರ ಹೆಸರು ಹೇಳಿದರು. ಆದರೆ ಆ 20 ಪ್ರಶ್ನೆಗಳನ್ನು ನಮ್ಮ ಕ್ಯಾಂಪಿಗೆ ಕನ್ನಡದಲ್ಲಾಗಲಿ ಬಂಗಾಳಿಯಲ್ಲಾಗಲಿ ಯಾರೂ ಕೇಳಲಿಲ್ಲ.

ಬೇರೆ ದಾರಿ ಇಲ್ಲವೇ ಎಂದರೆ, ಮಲೆನಾಡಿನವರು ಒಂದನ್ನು ತೋರಿಸಿದ್ದಾರೆ. ಕೊರೊನಾ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಬೇಕಾದಾಗ ಶಿವಮೊಗ್ಗ ಜಿಲ್ಲೆಯ ಹಳ್ಳಿಗರು ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದರು. ಅಲ್ಲಿ ಸಿಮ್ ಬದಲಿಸಿ ಪ್ರಯೋಜನವಿರಲಿಲ್ಲ, ಯಾವ ಕಂಪನಿಯ ಸಿಗ್ನಲ್ಲೂ ಇರಲಿಲ್ಲ. ಬಿಟ್ಟುಹೋಗುವ ದಾರಿ ಮುಚ್ಚಿದ್ದರಿಂದ ಅವರು ಕನ್ನಡದಲ್ಲೇ ಬಾಯಿ ಬಿಟ್ಟರು, ಸುದ್ದಿಯಾದರು, ಅಧಿಕಾರಿಗಳು ಉತ್ತರ ಹೇಳಬೇಕಾಯಿತು.

ಹತ್ತು ಲಕ್ಷ ಇಮೇಲ್‌ಗಳ ಕಥೆಯಿಂದ ನಾವು ಕಲಿಯಬೇಕಾದದ್ದು ಸಂಖ್ಯೆಯನ್ನಲ್ಲ. 118 ಪುಟವನ್ನು ಯಾರೋ ಕೂತು ಓದಿ, ಅರ್ಥವಾಗುವ ಹಾಗೆ ಬರೆದು, ಉತ್ತರಿಸಲು ಕೈಗೆ ಕೊಟ್ಟರು. ಆ ಕೆಲಸ ಇಂಗ್ಲಿಷಿನಲ್ಲಿ ಮೊದಲು ನಡೆಯಿತು. ಟ್ರಾಯ್ ಇವತ್ತಿಗೂ ಸಮಾಲೋಚನಾ ಪತ್ರಗಳನ್ನು ಹೊರಡಿಸುತ್ತಲೇ ಇದೆ. ಅವುಗಳಲ್ಲಿ ಒಂದನ್ನಾದರೂ ಕನ್ನಡಕ್ಕೆ ತಂದು, ಸಿಂಧನೂರಿನ ಕಾಲೇಜೊಂದರಲ್ಲಿ ಓದಿ, ಹತ್ತು ಉತ್ತರ ಕಳಿಸಿದರೆ ಸಾಕು. ಮುಂದೆ ಈ ಕಾಲದ ಇತಿಹಾಸ ಬರೆಯುವವರಿಗೆ ಆರ್.ಎಚ್. ಕ್ಯಾಂಪಿನ ಹೆಸರೂ ಕಡತದಲ್ಲಿ ಸಿಗುತ್ತದೆ.